ರಸ್ತೆಯ ಹಾನಿಯನ್ನು ಅಳೆಯುವ ಬಗೆ: ನಡೆದು ನೋಡುವ ಕಣ್ಣು, ಓಡುತ್ತ ನೋಡುವ ಯಂತ್ರ

ಡಾಂಬರು ರಸ್ತೆ ಒಂದೇ ದಿನದಲ್ಲಿ ಹಾಳಾಗುವುದಿಲ್ಲ. ಮೊದಲು ಗಾಲಿಗಳು ಓಡುವ ಜಾಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ. ಮಳೆನೀರು ಅದರೊಳಗೆ ಇಳಿಯುತ್ತದೆ, ಕೆಳಗಿನ ಜಲ್ಲಿಯ ಪದರ ಸಡಿಲಗೊಳ್ಳುತ್ತದೆ. ಬಿರುಕುಗಳು ಒಂದನ್ನೊಂದು ಕೂಡಿಕೊಂಡು ಮೇಲ್ಮೈಯೆಲ್ಲ ಬತ್ತಿದ ಕೆರೆಯಂಗಳದ ಹಾಗೆ ಚೂರುಚೂರಾಗುತ್ತದೆ. ಇಂಜಿನಿಯರುಗಳು ಇದನ್ನು ಅಲಿಗೇಟರ್ ಬಿರುಕು ಎನ್ನುತ್ತಾರೆ. ಅಂಥ ಒಂದು ಚೂರು ಲಾರಿಯ ಗಾಲಿಗೆ ಸಿಕ್ಕಿ ಕಿತ್ತುಬಂದರೆ ಅಲ್ಲಿಗೆ ಗುಂಡಿ ಬಿತ್ತು ಎಂದೇ ಲೆಕ್ಕ. ಗುಂಡಿ ಬಿದ್ದ ಮೇಲೆ ಅದನ್ನು ಕಂಡುಹಿಡಿಯಲು ಯಾವ ಸಮೀಕ್ಷೆಯೂ ಬೇಕಿಲ್ಲ, ದ್ವಿಚಕ್ರ ವಾಹನದ ಸವಾರರಿಗೆ ಅದು ತಾನಾಗಿಯೇ ಗೊತ್ತಾಗುತ್ತದೆ. ಅಳತೆಗೆ ಬೆಲೆ ಇರುವುದು ಅದಕ್ಕೂ ಮುಂಚೆ, ಬಿರುಕು ಬಿರುಕಾಗಿಯೇ ಇರುವಾಗ. ಆಗ ಡಾಂಬರು ಸುರಿದು ಮುಚ್ಚಿದರೆ ಸಾಕು. ತಡವಾದರೆ ರಸ್ತೆಯನ್ನು ಅಗೆದು ಹೊಸದಾಗಿ ಹಾಕಬೇಕಾಗುತ್ತದೆ.

ರಸ್ತೆಯ ಆರೋಗ್ಯ ತಿಳಿಯಲು ಅಳೆಯುವ ಸಂಗತಿಗಳು ಮುಖ್ಯವಾಗಿ ನಾಲ್ಕು. ಬಿರುಕು, ಗುಂಡಿ, ತೇಪೆ, ಜಲ್ಲಿ ಕಿತ್ತುಬರುವುದು ಮುಂತಾದ ಮೇಲ್ಮೈ ಹಾನಿ ಮೊದಲನೆಯದು. ಭಾರದ ಗಾಡಿಗಳ ಜಾಡಿನಲ್ಲಿ ರಸ್ತೆ ತಗ್ಗುಬೀಳುವುದು ಎರಡನೆಯದು. ಪ್ರಯಾಣಿಕರನ್ನು ಕುಲುಕುವ ಏರುತಗ್ಗು, ಅಂದರೆ ಒರಟುತನ, ಮೂರನೆಯದು. ಭಾರ ಹೊರುವ ಒಳಗಿನ ಶಕ್ತಿ ನಾಲ್ಕನೆಯದು. ಈ ನಾಲ್ಕನ್ನೂ ಕೈಯಿಂದ ಅಳೆಯುವ ಕ್ರಮಗಳಿವೆ, ಯಂತ್ರದಿಂದ ಅಳೆಯುವ ಕ್ರಮಗಳೂ ಇವೆ. ಆದರೆ ಎರಡನ್ನೂ ತೂಗಿ ನೋಡಿದಾಗ ಸಿಗುವ ತೀರ್ಮಾನ ನಾಲ್ಕರಲ್ಲೂ ಒಂದೇ ಅಲ್ಲ. ಒರಟುತನದ ಮಟ್ಟಿಗೆ ಯಂತ್ರವೇ ಮೇಲು ಎಂಬುದು ದಶಕಗಳ ಹಿಂದೆಯೇ ತೀರ್ಮಾನವಾಗಿದೆ. ಬಿರುಕಿನ ವಿಷಯದಲ್ಲಿ ಮಾತ್ರ ಇನ್ನೂ ಚರ್ಚೆ ಮುಗಿದಿಲ್ಲ. ಹೀಗೇಕೆ ಎಂದು ತಿಳಿಯಬೇಕಾದರೆ ಎರಡೂ ಕ್ರಮಗಳು ನಿಜವಾಗಿ ಏನು ಮಾಡುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಕೈಯಿಂದ ಅಳೆಯುವ ಕ್ರಮಗಳಲ್ಲಿ ಜಗತ್ತಿನಲ್ಲೆಲ್ಲ ಹೆಚ್ಚು ಹೆಸರಾದದ್ದು ಪೇವ್‌ಮೆಂಟ್ ಕಂಡಿಶನ್ ಇಂಡೆಕ್ಸ್, ಚಿಕ್ಕದಾಗಿ ಪಿಸಿಐ. 1970ರ ದಶಕದಲ್ಲಿ ಅಮೆರಿಕದ ಸೇನೆಯ ಇಂಜಿನಿಯರುಗಳ ದಳ ಇದನ್ನು ರೂಪಿಸಿತು. ಈಗ ಎಎಸ್‌ಟಿಎಂ ಸಂಸ್ಥೆಯ ಡಿ6433 ಎಂಬ ಮಾನಕವಾಗಿ ಜಾರಿಯಲ್ಲಿದೆ. ಹಾನಿಯೇ ಇಲ್ಲದ ರಸ್ತೆಗೆ 100 ಅಂಕ, ಪೂರ್ತಿ ಕೆಟ್ಟದ್ದಕ್ಕೆ ಸೊನ್ನೆ. ರಸ್ತೆಯನ್ನು ಸುಮಾರು 225 ಚದರ ಮೀಟರಿನ ತುಂಡುಗಳಾಗಿ ವಿಂಗಡಿಸಿಕೊಳ್ಳುತ್ತಾರೆ. 7 ಮೀಟರ್ ಅಗಲದ ರಸ್ತೆಯಾದರೆ ಒಂದು ತುಂಡು ಸುಮಾರು 32 ಮೀಟರ್ ಉದ್ದವಿರುತ್ತದೆ. ಎಲ್ಲ ತುಂಡುಗಳನ್ನೂ ನೋಡಲು ಆಗದಿದ್ದರೆ ಲೆಕ್ಕಾಚಾರದಿಂದ ಕೆಲವನ್ನು ಆರಿಸಿಕೊಳ್ಳುತ್ತಾರೆ.

ಒಂದು ತುಂಡನ್ನು ನೋಡುವ ಕೆಲಸ ಹೀಗೆ ಸಾಗುತ್ತದೆ. ಎರಡೂ ಕಡೆ ಕೆಂಪು ಬಾವುಟ ಹಿಡಿದವರು ನಿಲ್ಲುತ್ತಾರೆ. ಒಬ್ಬರು ಅಳತೆಯ ಚಕ್ರ ಉರುಳಿಸುತ್ತ ಸೀಮೆಸುಣ್ಣದಿಂದ ಗಡಿ ಗುರುತಿಸುತ್ತಾರೆ, ಇನ್ನೊಬ್ಬರು ನಮೂನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಅಲಿಗೇಟರ್ ಬಿರುಕಿನ ಸುತ್ತ ಚೌಕ ಹಾಕಿ ಚದರ ಮೀಟರಿನಲ್ಲಿ, ಉದ್ದ ಅಥವಾ ಅಡ್ಡ ಬಿರುಕನ್ನು ಮೀಟರಿನಲ್ಲಿ, ಗುಂಡಿಗಳನ್ನು ಎಣಿಕೆಯಲ್ಲಿ ದಾಖಲಿಸುತ್ತಾರೆ. ಪ್ರತಿಯೊಂದಕ್ಕೂ ತೀವ್ರತೆಯ ಮೂರು ದರ್ಜೆಗಳಿವೆ. ಡಾಂಬರು ತುಂಬದ ಬಿರುಕು 10 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಸಾಮಾನ್ಯವಾಗಿ ಕಡಿಮೆ ದರ್ಜೆ, 10ರಿಂದ 75ರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ಗುಂಡಿಯ ದರ್ಜೆ ಅದರ ಅಗಲ ಮತ್ತು ಆಳ ಎರಡನ್ನೂ ನೋಡಿ ನಿಗದಿಯಾಗುತ್ತದೆ. ಗುಂಡಿಯಲ್ಲಿ ನೀರು ನಿಂತಿದ್ದರೆ ಅಳತೆಪಟ್ಟಿಯನ್ನು ಅದರೊಳಗೆ ಇಳಿಸಿ ನೋಡುತ್ತಾರೆ. 224 ಚದರ ಮೀಟರಿನಲ್ಲಿ 9 ಚದರ ಮೀಟರ್ ಅಲಿಗೇಟರ್ ಬಿರುಕು ಇದ್ದರೆ ಸಾಂದ್ರತೆ ಶೇಕಡಾ 4. ಆ ಸಾಂದ್ರತೆಗೂ ದರ್ಜೆಗೂ ತಕ್ಕಂತೆ ಎಷ್ಟು ಅಂಕ ಕಳೆಯಬೇಕು ಎಂಬುದನ್ನು ಸಿದ್ಧ ರೇಖಾಚಿತ್ರದಲ್ಲಿ ನೋಡಿ, ಎಲ್ಲ ಹಾನಿಗಳನ್ನೂ ಕೂಡಿಸಿ ತಿದ್ದಿ, 100ರಿಂದ ಕಳೆಯುತ್ತಾರೆ.

ನಡೆದು ನೋಡುವವರಿಗೆ ಇರುವ ಅನುಕೂಲಗಳು ಕಡಿಮೆಯಲ್ಲ. ಅವರು ಬಗ್ಗಿ ನೋಡಬಲ್ಲರು, ಕಾಲಿನಿಂದ ಜಲ್ಲಿಯನ್ನು ಕೆದಕಿ ಸಡಿಲವಾಗಿದೆಯೇ ಎಂದು ಪರೀಕ್ಷಿಸಬಲ್ಲರು. ನಡುಬಿಸಿಲಿನಲ್ಲಿ ಮಾಯವಾಗುವ ಸಣ್ಣ ಬಿರುಕು ಸೂರ್ಯನಿಗೆ ಎದುರಾಗಿ ನಿಂತು ನೋಡಿದರೆ ಕಾಣುತ್ತದೆ. ಮಳೆ ನಿಂತು ರಸ್ತೆ ಒಣಗುತ್ತಿರುವಾಗ ಬಿರುಕಿನೊಳಗಿನ ತೇವ ಕಪ್ಪು ಗೆರೆಯಾಗಿ ಉಳಿಯುತ್ತದೆ ಎಂಬುದು ಅನುಭವಿಗಳಿಗೆ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವರಿಗೆ ಹಾನಿಯ ಜೊತೆಗೇ ಅದರ ಕಾರಣವೂ ಕಾಣುತ್ತದೆ. ಪಕ್ಕದ ಚರಂಡಿ ಹೂಳು ತುಂಬಿದೆಯೇ, ಗದ್ದೆಯ ನೀರು ರಸ್ತೆಯ ಅಡಿಗೆ ಜಿನುಗುತ್ತಿದೆಯೇ, ಕೊಳವೆ ಹೂಳಲು ಅಗೆದದ್ದನ್ನು ಸರಿಯಾಗಿ ಮುಚ್ಚಿಲ್ಲವೇ, ರಸ್ತೆ ಬದಿಯ ಮಣ್ಣು ಕೊಚ್ಚಿಹೋಗಿ ಅಂಚು ಒಡೆಯುತ್ತಿದೆಯೇ ಎಂಬುದು ನಡೆಯುವವರ ಕಣ್ಣಿಗೆ ತಪ್ಪುವುದಿಲ್ಲ. ದುರಸ್ತಿಯ ಅಂದಾಜುಪಟ್ಟಿ ಬರೆಯುವಾಗ ಬೇಕಾದದ್ದು ಇದೇ ಮಾಹಿತಿ. ಚರಂಡಿ ಸರಿಮಾಡದೆ ಬಿರುಕು ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಕಿತ್ತುಹೋಗುತ್ತದೆ.

ಕೊರತೆಗಳೂ ಅಷ್ಟೇ ನಿಜ. ಒಬ್ಬರಿಗೆ ಮಧ್ಯಮವೆನಿಸಿದ ಬಿರುಕು ಇನ್ನೊಬ್ಬರಿಗೆ ಕಡಿಮೆ ದರ್ಜೆಯದ್ದೆನಿಸುತ್ತದೆ. ಬೆಳಿಗ್ಗೆಯ ಚುರುಕು ಮಧ್ಯಾಹ್ನದ ಬಿಸಿಲಿನಲ್ಲಿ ಉಳಿಯುವುದಿಲ್ಲ. ಒಂದು ತಂಡ ದಿನವಿಡೀ ದುಡಿದರೂ ಮುಗಿಯುವುದು ಕೆಲವೇ ಕಿಲೋಮೀಟರು. ವೇಗದ ಹೆದ್ದಾರಿಯಲ್ಲಿ ಪಥ ಮುಚ್ಚದೆ ಬಗ್ಗಿ ಅಳೆಯುವುದು ಜೀವಕ್ಕೇ ಅಪಾಯ, ಪಥ ಮುಚ್ಚಿದರೆ ಸಂಚಾರಕ್ಕೆ ಅಡ್ಡಿ. ಈ ಕೊನೆಯ ಕಾರಣ ಒಂದೇ ಸಾಕು, ದೊಡ್ಡ ಹೆದ್ದಾರಿಗಳಲ್ಲಿ ಯಂತ್ರವನ್ನು ಒಪ್ಪಿಕೊಳ್ಳಲು. ಅಂಕಿಯ ನಿಖರತೆಗಾಗಿ ಕೂಲಿಯವರನ್ನು ಲಾರಿಗಳ ನಡುವೆ ನಿಲ್ಲಿಸುವುದು ಸರಿಯಲ್ಲ.

ಕೈ ಕ್ರಮದಲ್ಲೇ ಇನ್ನೂ ಸರಳವಾದವೂ ಇವೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಗಳಿಗೆ 1ರಿಂದ 5ರವರೆಗಿನ ಅಂಕವಿದೆ. ರಸ್ತೆಯ ಮೇಲೆ ಸಹಜವಾಗಿ ಗಂಟೆಗೆ 40 ಕಿಲೋಮೀಟರ್ ಮೀರಿ ಹೋಗಲು ಸಾಧ್ಯವಾದರೆ 5, ಹತ್ತಕ್ಕಿಂತ ಕೆಳಗಿಳಿದರೆ 1. ಜೀಪು ಮತ್ತು ಅನುಭವವಿರುವ ಇಂಜಿನಿಯರು ಇಷ್ಟಿದ್ದರೆ ಕೆಲಸ ಆಗುತ್ತದೆ. ಯಾವ ಹಳ್ಳಿಯ ರಸ್ತೆಗೆ ಮೊದಲು ಹಣ ಕೊಡಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಸೂಕ್ಷ್ಮವಾದ ಅಳತೆ ಬಹುಮಟ್ಟಿಗೆ ಬೇಕಾಗುವುದೂ ಇಲ್ಲ.

ಯಂತ್ರದ ದಾರಿ ಶುರುವಾದದ್ದು ಫಿಲ್ಮಿನಿಂದ. 1970ರ ದಶಕದಲ್ಲಿ ಫ್ರಾನ್ಸಿನ ಗೆರ್ಫೊ ಎಂಬ ವಾಹನ ರಾತ್ರಿಯ ಹೊತ್ತು ತನ್ನದೇ ದೀಪದ ಬೆಳಕಿನಲ್ಲಿ ರಸ್ತೆಯನ್ನು 35 ಮಿಲಿಮೀಟರ್ ಫಿಲ್ಮಿನ ಮೇಲೆ ಉದ್ದಕ್ಕೂ ಸೆರೆಹಿಡಿಯುತ್ತ ಹೋಗುತ್ತಿತ್ತು. ರಾತ್ರಿಯನ್ನೇ ಆರಿಸಿಕೊಂಡದ್ದು ಮರದ ನೆರಳು, ಬಿಸಿಲಿನ ಏರುಪೇರು ಚಿತ್ರ ಕೆಡಿಸಬಾರದೆಂದು. ಜಪಾನಿನ ಪಾಸ್ಕೊ ಕಂಪನಿಯ ವಾಹನಗಳೂ ಇದೇ ಬಗೆಯವು. ಅಮೆರಿಕದಲ್ಲಿ 1980ರ ದಶಕದ ಕೊನೆಗೆ ಶುರುವಾದ ದೀರ್ಘಾವಧಿಯ ರಸ್ತೆ ಅಧ್ಯಯನಕ್ಕೆ ಅವನ್ನು ಬಳಸಿಕೊಂಡರು. ಆದರೆ ಫಿಲ್ಮನ್ನು ಪರದೆಯ ಮೇಲೆ ಹಾಕಿ ಬಿರುಕು ಗುರುತಿಸುತ್ತಿದ್ದವರು ಕಚೇರಿಯಲ್ಲಿ ಕುಳಿತ ಮನುಷ್ಯರೇ. ಅಳೆಯುವವರು ರಸ್ತೆಯಿಂದ ಮೇಜಿಗೆ ಬಂದರು, ಅವರ ಜೀವಕ್ಕೆ ಅಪಾಯ ತಪ್ಪಿತು, ಅಷ್ಟೇ. ಇಂದಿಗೂ ಸ್ವಯಂಚಾಲಿತ ಎಂದು ಕರೆಸಿಕೊಳ್ಳುವ ಎಷ್ಟೋ ಸಮೀಕ್ಷೆಗಳು ನಿಜದಲ್ಲಿ ಈ ನಡುವಿನ ಬಗೆಯವೇ: ಚಿತ್ರ ಯಂತ್ರದ್ದು, ತೀರ್ಪು ಮನುಷ್ಯರದ್ದು.

ಪೂರ್ತಿ ಸ್ವಯಂಚಾಲಿತ ಅಳತೆಗೆ ದಾರಿ ತೆರೆದದ್ದು ಲೇಸರ್. ವಾಹನದ ಹಿಂಭಾಗದಲ್ಲಿ ಎತ್ತರದಿಂದ ರಸ್ತೆಗೆ ಅಡ್ಡಲಾಗಿ ಲೇಸರ್ ಗೆರೆಯೊಂದನ್ನು ಬೀರುತ್ತಾರೆ. ಓರೆಯಾಗಿ ನೋಡುವ ಕ್ಯಾಮೆರಾಕ್ಕೆ ಆ ಗೆರೆ ಬಿರುಕಿದ್ದಲ್ಲಿ ಕೊಂಕಿದಂತೆ ಕಾಣುತ್ತದೆ, ಎಷ್ಟು ಕೊಂಕಿದೆ ಎಂಬುದರಿಂದ ಆಳ ಸಿಗುತ್ತದೆ. 4 ಮೀಟರ್ ಅಗಲದ ಪಥದಲ್ಲಿ ಮಿಲಿಮೀಟರಿಗೊಂದರಂತೆ ಬಿಂದು ಹಿಡಿದರೆ ಒಂದು ಸಾಲಿಗೆ 4,000 ಬಿಂದು. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. 5 ಮಿಲಿಮೀಟರಿಗೊಂದು ಸಾಲು ಬೇಕೆಂದರೆ ಸೆಕೆಂಡಿಗೆ 4,400 ಸಾಲು, ಅಂದರೆ ಒಂದೂಮುಕ್ಕಾಲು ಕೋಟಿ ಬಿಂದುಗಳು. ಇಂದಿನ ಉಪಕರಣಗಳು ಇದನ್ನು ನಿಭಾಯಿಸುತ್ತವೆ. ಇದೇ ದತ್ತಾಂಶದಿಂದ ಬಿರುಕು, ಗಾಲಿ ಜಾಡಿನ ತಗ್ಗು, ಗುಂಡಿಯ ಆಳ ಮೂರೂ ಒಟ್ಟಿಗೆ ಸಿಗುತ್ತವೆ. ಜಿಪಿಎಸ್ ಮತ್ತು ಚಕ್ರದ ಸುತ್ತೆಣಿಕೆ ಪ್ರತಿ ಸಾಲಿಗೂ ಅದರ ಜಾಗ ಹಚ್ಚುತ್ತವೆ. ಭಾರತದಲ್ಲಿ ಇಂಥ ವಾಹನಕ್ಕೆ ನೆಟ್‌ವರ್ಕ್ ಸರ್ವೆ ವೆಹಿಕಲ್ ಎಂಬ ಹೆಸರು. 2025ರಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 23 ರಾಜ್ಯಗಳ 20,933 ಕಿಲೋಮೀಟರ್ ಹೆದ್ದಾರಿಯಲ್ಲಿ ಈ ವಾಹನಗಳನ್ನು ಓಡಿಸುವುದಾಗಿ ಪ್ರಕಟಿಸಿತು. ಅಷ್ಟು ಉದ್ದವನ್ನು ಅಳತೆಯ ಚಕ್ರ ಉರುಳಿಸುತ್ತ ಮುಗಿಸುವ ಮಾತೇ ಇಲ್ಲ.

ಯಂತ್ರದ ದೊಡ್ಡ ಗುಣ ಅದರ ಏಕರೂಪತೆ. ಅದು ದಣಿಯುವುದಿಲ್ಲ, ಒಂದೇ ಜಾಗದಲ್ಲಿ ಮೂರು ಸಲ ಓಡಿಸಿದರೆ ಮೂರು ಸಲವೂ ಹತ್ತಿರಹತ್ತಿರದ ಅಂಕಿ ಕೊಡುತ್ತದೆ. ಆದರೆ ಹತ್ತಿರಹತ್ತಿರದ ಅಂಕಿ ಎಂದ ಮಾತ್ರಕ್ಕೆ ಅದು ಸರಿಯಾದ ಅಂಕಿ ಎಂದಲ್ಲ. ಬರಿಯ ಕ್ಯಾಮೆರಾ ಬಳಸುವ ವ್ಯವಸ್ಥೆಗೆ ತಂತಿಯ ನೆರಳು, ಎಣ್ಣೆಯ ಕಲೆ, ಟೈರಿನ ಗೀರು, ಡಾಂಬರು ತುಂಬಿ ಮುಚ್ಚಿದ ಹಳೆಯ ಬಿರುಕು, ಕಾಂಕ್ರೀಟಿನ ಕೂಡುಗೆರೆ ಎಲ್ಲವೂ ಬಿರುಕಿನಂತೆ ಕಾಣಬಹುದು. ಆಳ ಅಳೆಯುವ ಲೇಸರಿಗೆ ನೆರಳಿನ ತೊಂದರೆ ಇಲ್ಲವಾದರೂ ಮಣ್ಣು ತುಂಬಿದ ಬಿರುಕು ಅದಕ್ಕೂ ಕಾಣುವುದಿಲ್ಲ. ರಸ್ತೆ ಒದ್ದೆಯಾಗಿದ್ದರೆ ಅಳತೆ ಕೆಡುತ್ತದೆ. ತೇಪೆಯ ಅಂಚು ಸಪಾಟಾಗಿದ್ದರೆ ಅದು ತೇಪೆ ಎಂದು ಗುರುತಿಸುವುದು ಕಷ್ಟ. ನಮ್ಮ ಊರುಗಳ ರಸ್ತೆಯಲ್ಲಂತೂ ಪಥದ ಬಿಳಿಗೆರೆ ಅಳಿಸಿರುತ್ತದೆ, ಅಂಚಿನಲ್ಲಿ ಗಾಡಿಗಳು ನಿಂತಿರುತ್ತವೆ. ನೀರು ನಿಂತು ಅತಿ ಹೆಚ್ಚು ಕೆಡುವ ಆ ಅಂಚೇ ವಾಹನದ ಕಣ್ಣಿಗೆ ಬೀಳುವುದಿಲ್ಲ. ಒರಟುತನ ಅಳೆಯುವ ಲೇಸರ್ ಉಪಕರಣಗಳಿಗೆ ಒಂದು ಕನಿಷ್ಠ ವೇಗವೂ ಬೇಕು. ನಿಂತು ನಿಂತು ಸಾಗುವ ಬೆಂಗಳೂರಿನಂಥ ನಗರದ ಹಗಲಿನ ಸಂಚಾರದಲ್ಲಿ ಸಿಗುವ ಅಂಕಿಗಳನ್ನು ನಂಬುವಂತಿಲ್ಲ. ಅಲ್ಲಿ ರಾತ್ರಿ ಓಡಿಸುವುದೇ ಸರಿ.

ಇನ್ನು ಎರಡರ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಏಳುವ ಮೂಲ ತೊಡಕು. 2 ಮಿಲಿಮೀಟರ್ ಅಗಲ, 1 ಮೀಟರ್ ಉದ್ದದ ಒಂದೇ ಒಂದು ನೇರ ಬಿರುಕನ್ನು ತೆಗೆದುಕೊಳ್ಳಬಹುದು. ಪಿಸಿಐ ಕ್ರಮದಲ್ಲಿ ಅದು 1 ಮೀಟರ್. ಬಿರುಕಿನ ನಿಜವಾದ ವಿಸ್ತೀರ್ಣ ಲೆಕ್ಕ ಹಾಕಿದರೆ 20 ಚದರ ಸೆಂಟಿಮೀಟರ್. ಚಿತ್ರವನ್ನು 20 ಸೆಂಟಿಮೀಟರಿನ ಚೌಕಗಳಾಗಿ ವಿಂಗಡಿಸಿ, ಬಿರುಕು ಹಾದುಹೋದ ಚೌಕವನ್ನೆಲ್ಲ ಬಿರುಕಿನದೆಂದೇ ಎಣಿಸುವ ಯಂತ್ರಕ್ರಮದಲ್ಲಿ ಐದು ಚೌಕ ಸೇರಿ 2,000 ಚದರ ಸೆಂಟಿಮೀಟರ್. ಬಿರುಕು ಒಂದೇ, ಅಂಕಿ ಮೂರು, ಮೂರೂ ತಮ್ಮ ತಮ್ಮ ನಿಯಮದಂತೆ ಸರಿ. ಹೀಗಿರುವಾಗ ಕೈ ಸಮೀಕ್ಷೆ ಶೇಕಡಾ 4 ಬಿರುಕು ಎಂದದ್ದನ್ನು ಯಂತ್ರ ಶೇಕಡಾ 9 ಎಂದರೆ ಯಾರದೋ ತಪ್ಪು ಎಂದು ತೀರ್ಮಾನಿಸುವಂತಿಲ್ಲ. ಬಿರುಕಿನ ದರ್ಜೆಗಳೂ ಚೌಕಗಳೂ ಮನುಷ್ಯರ ಕಣ್ಣಿಗೆ ತಕ್ಕಂತೆ ಹುಟ್ಟಿದವು. ಅವನ್ನೇ ಯಂತ್ರಕ್ಕೆ ಕಲಿಸಹೊರಟಾಗ ಕಣ್ಣಿನ ಅಂದಾಜನ್ನು ನಿಯಮವಾಗಿ ಬರೆಯಬೇಕಾಗುತ್ತದೆ. ಆ ನಿಯಮವನ್ನು ಒಂದೊಂದು ದೇಶ, ಒಂದೊಂದು ತಯಾರಕರು ಒಂದೊಂದು ರೀತಿ ಬರೆದಿದ್ದಾರೆ.

ಒರಟುತನದಲ್ಲಿ ನಡೆದದ್ದೇ ಬೇರೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಆಶೊ ರಸ್ತೆ ಪರೀಕ್ಷೆಯ ಹೊತ್ತಿಗೆ ಜನರ ಒಂದು ತಂಡವನ್ನು ಗಾಡಿಯಲ್ಲಿ ಕೂರಿಸಿ, ಪ್ರಯಾಣ ಹೇಗಿತ್ತು ಎಂಬುದಕ್ಕೆ ಸೊನ್ನೆಯಿಂದ 5ರವರೆಗೆ ಅಂಕ ಕೊಡಿಸಿದರು. ಆಮೇಲೆ ಆ ಅಂಕಗಳಿಗೂ ಅಳತೆ ಮಾಡಿದ ಏರುತಗ್ಗು, ಬಿರುಕು, ತೇಪೆ, ತಗ್ಗುಗಳಿಗೂ ಇರುವ ಸಂಬಂಧವನ್ನು ಸೂತ್ರವಾಗಿ ಬರೆದರು. ಆ ಮುಂದಿನ ವರ್ಷಗಳಲ್ಲಿ ಒಂದೊಂದು ದೇಶ ಒಂದೊಂದು ಯಂತ್ರ ಬಳಸುತ್ತಿತ್ತು, ಅಂಕಿಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. 1982ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಬ್ರೆಜಿಲಿನ ಬ್ರಸೀಲಿಯದಲ್ಲಿ ಹಲವು ದೇಶಗಳ ಉಪಕರಣಗಳನ್ನು ಒಂದೆಡೆ ತಂದು, ಆರಿಸಿದ 49 ರಸ್ತೆ ತುಂಡುಗಳ ಮೇಲೆ ಓಡಿಸಿ ಹೋಲಿಸಿದರು. ಅದರಿಂದ ಹುಟ್ಟಿದ್ದೇ ಅಂತರರಾಷ್ಟ್ರೀಯ ಒರಟುತನ ಸೂಚ್ಯಂಕ, ಐಆರ್‌ಐ. ಗಾಡಿಯ ಒಂದು ಚಕ್ರ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ರಸ್ತೆಯ ಮೇಲೆ ಓಡಿದರೆ ಎಷ್ಟು ಕುಲುಕೀತು ಎಂಬುದರ ಗಣಿತವದು. ಇಲ್ಲಿ ಮೊದಲು ವ್ಯಾಖ್ಯೆ ಗಟ್ಟಿಯಾಯಿತು, ಆಮೇಲೆ ಯಾವ ಯಂತ್ರವಾದರೂ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಬಿರುಕಿಗೆ ಇಂಥದೊಂದು ಬ್ರಸೀಲಿಯ ಇನ್ನೂ ಒದಗಿಲ್ಲ.

ಭಾರತದಲ್ಲಿ ಒರಟುತನಕ್ಕೆ ಬಹುಕಾಲದಿಂದ ಇರುವುದು ಬಂಪ್ ಇಂಟಿಗ್ರೇಟರ್. ಜೀಪಿನ ಹಿಂದೆ ಕಟ್ಟಿ ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಎಳೆಯುವ ಒಂಟಿ ಚಕ್ರದ ಗಾಡಿ ಇದು. ಚಕ್ರ ಮೇಲೆ ಕೆಳಗೆ ಆಡಿದ್ದನ್ನೆಲ್ಲ ಕೂಡಿಸಿ ಕಿಲೋಮೀಟರಿಗೆ ಇಷ್ಟು ಮಿಲಿಮೀಟರ್ ಎಂದು ತೋರಿಸುತ್ತದೆ. ಐಆರ್‌ಐ 3 ಇದ್ದರೆ ಇದರಲ್ಲಿ ಸುಮಾರು 2,150 ಬರುತ್ತದೆ. ಇದರ ಸ್ಪ್ರಿಂಗು, ಟೈರು ಸವೆದಂತೆ ಅಂಕಿ ಸರಿಯುವುದರಿಂದ ಆಗಾಗ ಸರಿಹೊಂದಿಸಬೇಕು. ಅದಕ್ಕೆ ಬಳಸುವ ಸಾಧನಗಳಲ್ಲಿ ಒಂದಾದ ಮೆರ್ಲಿನ್ ಕೈಯಿಂದ ನೂಕುವಂಥದ್ದು. ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯ ರೂಪಿಸಿದ ಇದಕ್ಕೆ ಮುಂದೆ ಒಂದು ಚಕ್ರ, ಹಿಂದೆ ಒಂದು ಕಾಲು, ನಡುವೆ ಒಂದು ತೂಗುತೋಳು. ಚಕ್ರ ಒಂದು ಸುತ್ತು ಉರುಳಿದಾಗಲೆಲ್ಲ ನಿಲ್ಲಿಸಿ, ತೋಳಿನ ಮುಳ್ಳು ತೋರಿಸಿದಲ್ಲಿ ಚೌಕುಳಿ ಹಾಳೆಯ ಮೇಲೆ ಒಂದು ಗುರುತು ಹಾಕುತ್ತಾರೆ. ಹೀಗೆ 200 ಗುರುತು. ಎರಡು ತುದಿಗಳಿಂದ ಹತ್ತು ಹತ್ತು ಗುರುತು ಬಿಟ್ಟು ಉಳಿದವು ಎಷ್ಟು ಅಗಲ ಹರಡಿವೆ ಎಂದು ಅಳೆದರೆ ಒರಟುತನ ಸಿಕ್ಕಿತು. ಕಬ್ಬಿಣದ ಕೊಳವೆಗಳಿಂದ ಸ್ಥಳೀಯ ಕಾರ್ಯಾಗಾರದಲ್ಲೇ ಮಾಡಿಕೊಳ್ಳಬಹುದಾದ ಈ ಕೈ ಸಾಧನ ದುಬಾರಿ ಯಂತ್ರದ ಅಂಕಿಯನ್ನು ತಿದ್ದುತ್ತದೆ. ವೇಗದ ಅಳತೆಗೆ ನಿಧಾನದ ಅಳತೆಯೇ ಆಧಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಉಳಿದೆರಡನ್ನು ಚಿಕ್ಕದಾಗಿ ಹೇಳಬಹುದು. ಗಾಲಿ ಜಾಡಿನ ತಗ್ಗನ್ನು ರಸ್ತೆಗೆ ಅಡ್ಡಲಾಗಿ 3 ಮೀಟರಿನ ನೇರಪಟ್ಟಿ ಇಟ್ಟು, ಕೆಳಗಿನ ಸಂದಿಯಲ್ಲಿ ಅಳತೆಪಟ್ಟಿ ತೂರಿಸಿ ಅಳೆಯುತ್ತಾರೆ. ಹಳೆಯ ವಾಹನಗಳಲ್ಲಿ ಮೂರೋ ಐದೋ ಸಂವೇದಕಗಳಷ್ಟೇ ಇದ್ದು, ಚಾಲಕರು ಸ್ವಲ್ಪ ಪಕ್ಕಕ್ಕೆ ಸರಿದರೆ ತಗ್ಗಿನ ತಳವೇ ತಪ್ಪಿ ಅಂಕಿ ಕಡಿಮೆ ಬರುತ್ತಿತ್ತು. ಸಾವಿರಾರು ಬಿಂದುಗಳ ಲೇಸರ್ ಗೆರೆ ಆ ದೋಷವನ್ನು ನೀಗಿಸಿತು, ಇಲ್ಲಿ ಯಂತ್ರವೇ ಮೇಲು. ಒಳಗಿನ ಶಕ್ತಿಗೆ ಬೆಂಕಲ್‌ಮನ್ ಬೀಮ್ ಹಳೆಯ ಸಾಧನ. ಹಿಂದಿನ ಅಚ್ಚಿನ ಮೇಲೆ 8,170 ಕಿಲೋಗ್ರಾಂ ಭಾರ ಹೇರಿದ ಲಾರಿಯ ಜೋಡಿ ಗಾಲಿಗಳ ನಡುವೆ ತೋಳು ತೂರಿಸಿ, ಲಾರಿ ಮುಂದೆ ಸರಿದಾಗ ರಸ್ತೆ ಎಷ್ಟು ಮೇಲೆದ್ದಿತು ಎಂದು ಡಯಲಿನಲ್ಲಿ ಓದುತ್ತಾರೆ. ಈಗ ಅದರ ಜಾಗಕ್ಕೆ ತೂಕ ಬೀಳಿಸಿ ನೆಲದ ಬಾಗನ್ನು ಅಳೆಯುವ ಯಂತ್ರ ಬಂದಿದೆ. ಭಾರತೀಯ ರಸ್ತೆ ಕಾಂಗ್ರೆಸ್ 2014ರಲ್ಲಿ ಅದಕ್ಕೆ ಮಾರ್ಗಸೂಚಿ ಹೊರಡಿಸಿತು. ಅದೂ ಪ್ರತಿ ಬಿಂದುವಿನಲ್ಲಿ ನಿಂತೇ ಅಳೆಯಬೇಕಾದದ್ದರಿಂದ ವೇಗದ ಲಾಭ ಅಷ್ಟೊಂದಿಲ್ಲ.

ದುಬಾರಿ ವಾಹನವಿಲ್ಲದೆಯೂ ಯಂತ್ರಕ್ಕೆ ಕೆಲಸ ಒಪ್ಪಿಸುವ ಪ್ರಯತ್ನಗಳಲ್ಲಿ ಬೆಂಗಳೂರಿಗೆ ಒಂದು ಪಾಲಿದೆ. 2008ರಲ್ಲಿ ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ನೆರಿಸೆಲ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಪ್ರಯಾಣಿಕರ ಬಳಿಯ ಮೊಬೈಲಿನ ಕಂಪನ ಸಂವೇದಕ ಗುಂಡಿಯನ್ನೂ ಬ್ರೇಕನ್ನೂ, ಮೈಕು ಹಾರನ್ನಿನ ಸದ್ದನ್ನೂ ಗುರುತಿಸುವ ಯೋಚನೆ ಅದು. ಮೊಬೈಲು ಹೇಗೇ ಓರೆಯಾಗಿದ್ದರೂ ಯಾವುದು ಮೇಲು, ಯಾವುದು ಮುಂದು ಎಂದು ಲೆಕ್ಕದಿಂದ ಕಂಡುಕೊಳ್ಳುವ ಉಪಾಯವೂ ಅದರಲ್ಲಿತ್ತು. ಕಂಪನದಿಂದ ಗುಂಡಿ ತಿಳಿಯುತ್ತದೆ, ಬಿರುಕು ತಿಳಿಯುವುದಿಲ್ಲ. ಚಾಲಕರು ತಪ್ಪಿಸಿ ಹೋದ ಗುಂಡಿಯೂ ತಿಳಿಯುವುದಿಲ್ಲ. ಆಮೇಲೆ ಬಂದದ್ದು ಮೊಬೈಲಿನ ಕ್ಯಾಮೆರಾ. ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಗಾಡಿಯ ಮುಂಗಾಜಿನ ಹಿಂದಿಟ್ಟ ಮೊಬೈಲಿನಿಂದ ತೆಗೆದ 9,053 ಚಿತ್ರಗಳಲ್ಲಿ ಹಾನಿಯನ್ನು ಗುರುತಿಸಿ ಕಂಪ್ಯೂಟರಿಗೆ ಕಲಿಸಿದರು. 2022ರ ಹೊತ್ತಿಗೆ ಭಾರತವೂ ಸೇರಿ ಆರು ದೇಶಗಳ 47,420 ಚಿತ್ರಗಳ ಸಂಗ್ರಹ ಸಿದ್ಧವಾಯಿತು. ಈ ಕೆಲಸದಲ್ಲಿ ಕಂಡುಬಂದ ಒಂದು ಸಂಗತಿ ಗಮನಾರ್ಹ: ಜಪಾನಿನ ರಸ್ತೆ ನೋಡಿ ಕಲಿತ ಕಂಪ್ಯೂಟರು ಭಾರತದ ರಸ್ತೆಯಲ್ಲಿ ಅಷ್ಟು ಚೆನ್ನಾಗಿ ಗುರುತಿಸುವುದಿಲ್ಲ. ಸ್ಥಳೀಯ ಚಿತ್ರಗಳನ್ನು ಸ್ಥಳೀಯರೇ ಗುರುತು ಹಾಕಿ ಕಲಿಸಬೇಕು. ಆ ಸಾವಿರಾರು ಗುರುತುಗಳನ್ನೂ ಹಾಕುವುದು ಮನುಷ್ಯರ ಕೈಯೇ.

ಹೀಗಾಗಿ ಯಂತ್ರವನ್ನು ಕೆಲಸಕ್ಕೆ ಹಚ್ಚುವ ಮುನ್ನ ಅದನ್ನು ಪರೀಕ್ಷಿಸುವ ಕ್ರಮ ಮುಖ್ಯವಾಗುತ್ತದೆ. ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂಬ ಮೂರೂ ಬಗೆಯ ಕೆಲವು ತುಂಡುಗಳನ್ನು ಆರಿಸಿ, ಒಬ್ಬರಲ್ಲ, ಹಲವರಿಂದ ಬೇರೆಬೇರೆಯಾಗಿ ನಡೆದು ಅಳೆಸಬೇಕು. ಅವರವರಲ್ಲೇ ಎಷ್ಟು ಅಂತರವಿದೆ ಎಂಬುದು ಮೊದಲು ಗೊತ್ತಾಗಬೇಕು, ಏಕೆಂದರೆ ಅದಕ್ಕಿಂತ ಹೆಚ್ಚಿನ ಹೊಂದಾಣಿಕೆಯನ್ನು ಯಂತ್ರದಿಂದ ಕೇಳುವಂತಿಲ್ಲ. ಆಮೇಲೆ ಯಂತ್ರವನ್ನು ಹಲವು ಸಲ ಓಡಿಸಿ ಎರಡು ಲೆಕ್ಕ ನೋಡಬೇಕು. ಉದಾಹರಣೆಗೆ, ನೆಲದ ಮೇಲೆ 100 ಬಿರುಕು ಇರುವಲ್ಲಿ ಯಂತ್ರ 90 ಗುರುತಿಸಿ ಅವುಗಳಲ್ಲಿ 80 ನಿಜವಾಗಿದ್ದರೆ, ಇದ್ದದ್ದರಲ್ಲಿ ಶೇಕಡಾ 80ನ್ನು ಕಂಡಿತು, ಹೇಳಿದ್ದರಲ್ಲಿ ಶೇಕಡಾ 89 ಸರಿ. ಒಂದೇ ಶೇಕಡಾ ಹೇಳಿ ಇನ್ನೊಂದನ್ನು ಮುಚ್ಚಿಡುವ ತಯಾರಕರ ಮಾತನ್ನು ಒಪ್ಪಬಾರದು. ಹೋಲಿಸುವ ಮುನ್ನ ಜಾಗವೂ ತಾಳೆಯಾಗಬೇಕು. ಕಿಲೋಮೀಟರ್ ಕಲ್ಲಿನಿಂದ ಎಣಿಸಿದ ದೂರಕ್ಕೂ ಜಿಪಿಎಸ್ ದೂರಕ್ಕೂ ಹತ್ತು ಮೀಟರ್ ವ್ಯತ್ಯಾಸವಿದ್ದರೆ ಇಬ್ಬರೂ ಬೇರೆಬೇರೆ ರಸ್ತೆಯನ್ನೇ ನೋಡಿದಂತಾಗುತ್ತದೆ.

ಬಳಕೆಯಲ್ಲಿ ಎರಡಕ್ಕೂ ಅವುಗಳದೇ ಜಾಗವಿದೆ. ಸಾವಿರಾರು ಕಿಲೋಮೀಟರಿನ ಜಾಲದಲ್ಲಿ ಯಾವ ರಸ್ತೆ ಬೇಗ ಕೆಡುತ್ತಿದೆ, ಮುಂದಿನ ವರ್ಷದ ಹಣ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಯಂತ್ರದ ಸಮೀಕ್ಷೆ ತಕ್ಕದ್ದು. ಹೀಗೆ ಆರಿಸಿದ ರಸ್ತೆಗೆ ಯಾವ ದುರಸ್ತಿ ಎಂಬ ಪ್ರಶ್ನೆ ಬಂದಾಗ ಇಂಜಿನಿಯರು ಅಲ್ಲಿಗೆ ಹೋಗಿ ನಡೆದೇ ನೋಡಬೇಕು. ಯಂತ್ರ ಬಂತೆಂದು ಈ ನಡಿಗೆಯನ್ನು ಕೈಬಿಟ್ಟರೆ ಚರಂಡಿಯ ಹೂಳನ್ನು ಯಾರೂ ನೋಡದೆ ಹೋಗುತ್ತಾರೆ. ಕೈ ಕ್ರಮದಿಂದ ಯಂತ್ರ ಕ್ರಮಕ್ಕೆ ದಾಟುವ ಇಲಾಖೆಗಳು ಇನ್ನೊಂದು ಎಚ್ಚರ ವಹಿಸಬೇಕಾಗುತ್ತದೆ. ಕ್ರಮ ಬದಲಾದ ವರ್ಷ ರಸ್ತೆಗಳೆಲ್ಲ ಒಮ್ಮೆಲೇ ಕೆಟ್ಟಂತೆಯೋ ಸುಧಾರಿಸಿದಂತೆಯೋ ಕಾಣುತ್ತವೆ, ಬದಲಾದದ್ದು ಅಳತೆಗೋಲು ಮಾತ್ರ. ಗುತ್ತಿಗೆದಾರರ ಮೇಲಿನ ದಂಡ, ನಿರ್ವಹಣೆಯ ಅನುದಾನ ಈ ಅಂಕಿಗಳನ್ನೇ ಆಧರಿಸಿರುವಾಗ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಒಂದೆರಡು ವರ್ಷ ಕೆಲವು ರಸ್ತೆಗಳನ್ನಾದರೂ ಎರಡೂ ಕ್ರಮದಲ್ಲಿ ಅಳೆದು, ಹಳೆಯ ಅಂಕಿಗೂ ಹೊಸ ಅಂಕಿಗೂ ಇರುವ ಸಂಬಂಧವನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ. ಯಂತ್ರದ ತಂತ್ರಾಂಶ ಹೊಸ ಆವೃತ್ತಿಗೆ ಬದಲಾದಾಗಲೂ ಹಳೆಯ ಚಿತ್ರಗಳನ್ನು ಮತ್ತೊಮ್ಮೆ ಅದರಲ್ಲಿ ಹಾಯಿಸಿ ಅಂಕಿಗಳನ್ನು ತಾಳೆ ನೋಡುವುದು ಇದೇ ಕೆಲಸದ ಮುಂದಿನ ಭಾಗ.